ಉತ್ತರ ಕನ್ನಡದ ಹಿತ್ತಿಲಲ್ಲಿ ಸೂರ್ಯಕಾಂತಿ: ಬಿತ್ತುವುದರಿಂದ ಚಟ್ನಿಪುಡಿಯವರೆಗೆ

ಸೂರ್ಯಕಾಂತಿ ಅಂದ ಕೂಡಲೇ ನೆನಪಾಗುವುದು ಗದಗ, ಕೊಪ್ಪಳ, ಬಳ್ಳಾರಿ ಕಡೆಯ ಎರೆಹೊಲಗಳು. ಅದು ಬಯಲುಸೀಮೆಯ ಬೆಳೆ, ನಮ್ಮ ಮಳೆಗೂ ಮಣ್ಣಿಗೂ ಆಗಿಬರುವುದಿಲ್ಲ ಎಂದು ಕಾರವಾರ, ಕುಮಟಾ, ಶಿರಸಿ ಕಡೆಯವರು ಅದರ ಸುದ್ದಿಗೇ ಹೋಗುವುದಿಲ್ಲ. ಎಕರೆ ಲೆಕ್ಕದಲ್ಲಿ ನೋಡಿದರೆ ಆ ಮಾತು ಸರಿಯೇ. ಆದರೆ ಹಿತ್ತಿಲು, ಅಂಗಳದ ಅಂಚು, ಭತ್ತ ಕೊಯ್ದ ಗದ್ದೆಯ ಒಂದು ಮೂಲೆ, ಇಷ್ಟು ಜಾಗಕ್ಕೆ ಇದಕ್ಕಿಂತ ಒಳ್ಳೆಯ ಗಿಡ ಸಿಗುವುದು ಕಷ್ಟ. ಮೂರು ತಿಂಗಳಲ್ಲಿ ಕೆಲಸ ಮುಗಿಸಿಬಿಡುತ್ತದೆ. ಕಣ್ಣಿಗೆ ಹೂವು, ಜೇನಿಗೆ ಪರಾಗ, ಅಡುಗೆಮನೆಗೆ ಬೀಜ, ಕೊಟ್ಟಿಗೆಗೆ ಹಿಂಡಿ, ತೆಂಗಿನ ಬುಡಕ್ಕೆ ಬೂದಿ, ಎಲ್ಲವೂ ಒಂದೇ ಗಿಡದಿಂದ.

ನಮ್ಮ ಕಡೆ ಇದಕ್ಕೆ ಇರುವುದು ಒಂದೇ ದೊಡ್ಡ ಷರತ್ತು: ಬಿತ್ತುವ ಕಾಲ ತಪ್ಪಬಾರದು. ಗೊಬ್ಬರ ಸ್ವಲ್ಪ ಕಡಿಮೆಯಾದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ಸುಧಾರಿಸಿಕೊಳ್ಳುವುದಿಲ್ಲ.

ಯಾವಾಗ ಬಿತ್ತಬೇಕು?

ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೀಜದ ಪ್ಯಾಕೆಟ್ ಮೇಲೆ ‘ಮುಂಗಾರು ಬಿತ್ತನೆ’ ಎಂದು ಬರೆದಿದ್ದರೆ ಅದು ಬಯಲುಸೀಮೆಯವರಿಗೆ ಹೇಳಿದ ಮಾತು, ನಮಗಲ್ಲ. ಮಳೆಗಾಲದಲ್ಲಿ ಬಿತ್ತಿದರೆ ಬೇರು ಕೊಳೆಯುತ್ತದೆ. ಹೇಗೋ ಉಳಿದು ಹೂ ಬಿಟ್ಟರೂ ಪರಾಗ ತೊಳೆದುಹೋಗುತ್ತದೆ. ಜೇನು ಗೂಡು ಬಿಟ್ಟು ಹೊರಬರುವುದಿಲ್ಲ. ಕೊನೆಗೆ ತೆನೆಯ ಹಿಂಭಾಗ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ.

ಕಾರವಾರದಿಂದ ಹೊನ್ನಾವರ, ಭಟ್ಕಳದವರೆಗಿನ ಕರಾವಳಿಯಲ್ಲಿ ನವೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಬಿತ್ತಬಹುದು. ಭತ್ತ ಕೊಯ್ದು, ಗದ್ದೆಯಲ್ಲಿ ಶೇಂಗಾ, ತರಕಾರಿ ಹಾಕುವ ಹೊತ್ತು ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಬ್ಬನಿ ಜಾಸ್ತಿ. ಎಲೆ ಬೆಳಗ್ಗೆ ಹತ್ತು ಗಂಟೆವರೆಗೂ ಒದ್ದೆ ಇದ್ದರೆ ಎಲೆಚುಕ್ಕೆ ರೋಗ ಬೇಗ ಹತ್ತುತ್ತದೆ. ಅಲ್ಲಿಯವರು ಡಿಸೆಂಬರ್ ಮೊದಲರ್ಧದಲ್ಲಿ ಬಿತ್ತಿದರೆ ಫೆಬ್ರವರಿಯಲ್ಲಿ, ಇಬ್ಬನಿ ತಗ್ಗಿದ ಮೇಲೆ ಹೂವು ಬರುತ್ತದೆ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ ಇರುತ್ತದೆ, ಹೌದು. ಆದರೆ ನಾಲ್ಕು ಸಾಲು ಬೀಜ ಊರಲು ಒಂದು ಬೆಳಗ್ಗೆ ಸಾಕು.

ಲೆಕ್ಕ ಹೀಗಿಟ್ಟುಕೊಳ್ಳಿ. ಬಿತ್ತಿದ ಸುಮಾರು 60 ದಿನಕ್ಕೆ ಹೂವು, ಆಮೇಲೆ ಇನ್ನೊಂದು ತಿಂಗಳಿಗೆ ಬೀಜ. ಡಿಸೆಂಬರ್ ಮೊದಲ ವಾರ ಬಿತ್ತಿದರೆ ಜನವರಿ ಕೊನೆಯಿಂದ ಫೆಬ್ರವರಿಗೆ ಹೂವು, ಮಾರ್ಚ್ ಮೊದಲ ವಾರದ ಹೊತ್ತಿಗೆ ಕೊಯ್ಲು. ಅಡಿಕೆ ಒಣಗಿಸಿ ಅಂಗಳ ಖಾಲಿಯಾಗುವ ಸಮಯಕ್ಕೆ ಸೂರ್ಯಕಾಂತಿ ಅಂಗಳಕ್ಕೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಮನೆಮುಂದೆ ಹೂವಿರಬೇಕು ಅನ್ನಿಸಿದರೆ ಜಾತ್ರೆಯ ದಿನದಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ ಬಿತ್ತಿ. ಜನವರಿ ದಾಟಿದ ಮೇಲೆ ಮಾತ್ರ ಬೇಡ. ಬಾವಿ ತಳ ಕಾಣುವ ಕಾಲಕ್ಕೆ ಗಿಡಕ್ಕೆ ಅತಿ ಹೆಚ್ಚು ನೀರು ಬೇಕಾಗುತ್ತದೆ.

ಬೀಜ ಆರಿಸುವಾಗ

ಎಣ್ಣೆಯ ಜಾತಿಯ ಬೀಜ ಚಿಕ್ಕದು, ಪೂರ್ತಿ ಕಪ್ಪು. ತಿನ್ನುವ ಜಾತಿಯದು ದೊಡ್ಡದು, ಕಪ್ಪು ಬಿಳಿ ಪಟ್ಟೆ. ಮೂರನೆಯದು ಅಲಂಕಾರದ್ದು. ಕೊಂಬೆ ಒಡೆದು ತುಂಬ ಹೂ ಬಿಡುತ್ತದೆ. ಅದರಲ್ಲಿ ಪರಾಗವೇ ಇಲ್ಲದ ತಳಿಗಳೂ ಇವೆ. ಹೂದಾನಿಗೆ ಅವು ಚೆನ್ನ, ಆದರೆ ಪರಾಗ ಬಯಸಿ ಬಂದ ಜೇನಿಗೆ ಏನೂ ಸಿಗುವುದಿಲ್ಲ.

ಹಿತ್ತಿಲಿಗೆ ನಾನು ಹೇಳುವುದು ಮಾರ್ಡೆನ್‌ನಂಥ ಗಿಡ್ಡ ತಳಿ. ಸುಮಾರು ಮೂರು ಅಡಿ ಎತ್ತರ, 80ರಿಂದ 85 ದಿನದಲ್ಲಿ ಕೊಯ್ಲು. ಕಡಲ ಗಾಳಿಗೆ ಬೇಗ ಬೀಳುವುದಿಲ್ಲ. ಇದು ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದು. ಹೈಬ್ರಿಡ್ ಹೆಚ್ಚು ಇಳುವರಿ ಕೊಡುತ್ತದೆ ನಿಜ. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂದದ್ದು 1980ರಲ್ಲಿ, ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದಲೇ. ಆದರೆ ಹೈಬ್ರಿಡ್ ಗಿಡದ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ.

ರೈತ ಸಂಪರ್ಕ ಕೇಂದ್ರದಲ್ಲೋ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಇಲ್ಲದಿದ್ದರೆ ಹುಬ್ಬಳ್ಳಿಗೆ ಹೋಗುವವರ ಹತ್ತಿರ ತರಿಸಿ. ಹುರಿದು ಉಪ್ಪು ಹಾಕಿದ ಬೀಜ ಮೊಳೆಯುವುದಿಲ್ಲ. ಇನ್ನೊಂದು ಮಾತು: ಗುಲಾಬಿಯೋ ಹಸಿರೋ ಬಣ್ಣ ಬಳಿದ ಬಿತ್ತನೆ ಬೀಜಕ್ಕೆ ಔಷಧ ಹಚ್ಚಿರುತ್ತಾರೆ. ಮಿಕ್ಕಿತು ಎಂದು ಅದನ್ನು ತಿನ್ನಬೇಡಿ, ಕೋಳಿಗೂ ಹಾಕಬೇಡಿ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ಅಡಿಕೆ ತೋಟದ ನೆರಳಿನಲ್ಲಿ ಇದು ಆಗುವ ಮಾತಲ್ಲ. ಅಂಗಳದ ಅಂಚು, ಬ್ಯಾಣದ (ಹುಲ್ಲುಗಾವಲಿನ) ತೆರೆದ ಜಾಗ, ಗದ್ದೆ, ತಾರಸಿ, ಇವು ಸರಿ. ತಾರಸಿಯಲ್ಲಾದರೆ ಕನಿಷ್ಠ ಒಂದಡಿ ಆಳದ ಕುಂಡ, ಒಂದು ಕುಂಡಕ್ಕೆ ಒಂದೇ ಗಿಡ.

ಜಾಗ ಆರಿಸುವಾಗ ದಿಕ್ಕನ್ನೂ ನೋಡಿ. ಎಳೆ ಗಿಡ ಬೆಳಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗುತ್ತದೆ. ಕಾಂಡದ ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಬೆಳೆಯುವುದರಿಂದ ಹಾಗಾಗುತ್ತದೆ. ಹೂವು ಪೂರ್ತಿ ಅರಳುವ ಹೊತ್ತಿಗೆ ಈ ತಿರುಗಾಟ ನಿಂತು, ಹೂವು ಪೂರ್ವಕ್ಕೇ ಮುಖಮಾಡಿ ಉಳಿಯುತ್ತದೆ. ಹಾಗೆ ಪೂರ್ವಕ್ಕೆ ನೋಡುವ ಹೂವು ಬೆಳಗ್ಗೆ ಬೇಗ ಬೆಚ್ಚಗಾಗಿ ಹೆಚ್ಚು ಜೇನುಗಳನ್ನು ಸೆಳೆಯುತ್ತದೆ ಎಂದು 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದರು. ಕಾರವಾರದ ಕಡಲಂಚಿನ ಮನೆಯವರು ಸಮುದ್ರದ ಬದಿಗೆ, ಅಂದರೆ ಮನೆಯ ಪಶ್ಚಿಮಕ್ಕೆ ನೆಟ್ಟರೆ ಹೂವುಗಳೆಲ್ಲ ಮನೆಯತ್ತ ಮುಖ ಮಾಡುತ್ತವೆ. ಪೂರ್ವಕ್ಕೆ ನೆಟ್ಟರೆ ನಿಮಗೆ ಕಾಣುವುದು ಬೆನ್ನು ಮಾತ್ರ.

ಮಣ್ಣಿನ ವಿಷಯದಲ್ಲಿ ಇದು ಹಟಮಾರಿ ಅಲ್ಲ. ನಮ್ಮ ಚಿರೆಕಲ್ಲು ಮಣ್ಣು ಹುಳಿ ಅಂಶದ್ದು. ಬಿತ್ತುವ ಎರಡು ವಾರ ಮೊದಲು ಸ್ವಲ್ಪ ಸುಣ್ಣ ಬೆರೆಸಿ, ಬಿತ್ತುವಾಗ ಕೊಟ್ಟಿಗೆ ಗೊಬ್ಬರ ಸೇರಿಸಿ. ಒಂದು ಅಡಿ ಕೆಳಗೇ ಕಲ್ಲು ಸಿಕ್ಕರೆ ತಾಯಿಬೇರು ಇಳಿಯಲು ಜಾಗ ಸಾಲುವುದಿಲ್ಲ. ಅಂಥಲ್ಲಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿ. ಕಡಲ ಬದಿಯ ಮರಳಿನಲ್ಲಿ ನೀರು ನಿಲ್ಲದ್ದು ಅನುಕೂಲ, ಗೊಬ್ಬರವೂ ನಿಲ್ಲದ್ದು ತೊಂದರೆ. ಅಲ್ಲಿ ಗೊಬ್ಬರ ಎರಡು ಕಂತಿನಲ್ಲಿ ಕೊಡಿ, ಬುಡಕ್ಕೆ ದರಕು (ಉದುರಿದ ಒಣ ಎಲೆ) ಮುಚ್ಚಿ. ಗದ್ದೆಯಲ್ಲಾದರೆ ಏರು ಮಾಡಿ, ಅದರ ನೆತ್ತಿಯ ಮೇಲೆ ಬಿತ್ತಿ. ಎರಡು ಏರಿನ ನಡುವಿನ ಕಾಲುವೆಯಲ್ಲಿ ನೀರು ಹರಿದುಹೋಗಲಿ.

ಬಿತ್ತನೆ

ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ನೆರಳಲ್ಲಿ ಆರಿಸಿ. ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಗಿಡ್ಡ ತಳಿಗೆ ಸಾಲಿನ ನಡುವೆ ಒಂದೂವರೆ ಅಡಿ ಸಾಕು. ಒಂದು ಕುಳಿಗೆ ಎರಡು ಬೀಜ, ಒಂದೂವರೆ ಇಂಚು ಆಳ. ಒಂದು ವಾರದೊಳಗೆ ಮೊಳಕೆ ಕಾಣುತ್ತದೆ.

ಈ ಒಂದು ವಾರವೇ ಕಾಯುವ ವಾರ. ಇರುವೆ, ಅಳಿಲು, ಇತ್ತೀಚೆಗೆ ನಮ್ಮ ಕಡೆ ಜಾಸ್ತಿಯಾಗಿರುವ ನವಿಲು, ಎಲ್ಲಕ್ಕೂ ಈ ಬೀಜ ಇಷ್ಟ. ಸಾಲಿನ ಮೇಲೆ ತೆಂಗಿನ ಹೆಡೆ ಹಾಸಿ, ಮೇಲೆ ಒಂದೆರಡು ಮುಳ್ಳಿನ ಟೊಂಗೆ ಇಡಿ. ಮೊಳಕೆ ಬಂದ ದಿನ ಹೆಡೆ ತೆಗೆಯಿರಿ. ತಡಮಾಡಿದರೆ ಸಸಿ ಬಿಸಿಲಿಲ್ಲದೆ ಸೊರಗಿ ಉದ್ದವಾಗುತ್ತದೆ.

ಎರಡು ವಾರಕ್ಕೆ ಕುಳಿಗೊಂದು ಗಿಡ ಉಳಿಸಿ ಇನ್ನೊಂದನ್ನು ಕೀಳಿ. ಕಿತ್ತದ್ದನ್ನು ಬೇರೆಡೆ ನೆಡುವ ಆಸೆ ಬೇಡ. ತಾಯಿಬೇರು ತುಂಡಾದರೆ ಗಿಡ ಮೇಲೇಳುವುದಿಲ್ಲ.

ಮುಂದಿನ ಆರೈಕೆ ಸುಲಭ. ಮರಳಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಗದ್ದೆ ಮಣ್ಣಿನಲ್ಲಿ ವಾರಕ್ಕೊಮ್ಮೆ ನೀರು. ಮೊಗ್ಗು ಬರುವಾಗ, ಹೂ ಅರಳುವಾಗ, ಕಾಳು ಕಟ್ಟುವಾಗ ಮಾತ್ರ ತಪ್ಪಿಸಬಾರದು. ಬುಡಕ್ಕೇ ಹಾಕಿ, ಸಂಜೆ ಹೊತ್ತು ಎಲೆ ತೋಯಿಸಬೇಡಿ. ತಿಂಗಳಾದಾಗ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಿ. ಮಧ್ಯಾಹ್ನದ ಕಡಲ ಗಾಳಿ ನೇರ ಬಡಿಯುವ ಜಾಗವಾದರೆ ಎತ್ತರದ ತಳಿಗೆ ಊರುಗೋಲೂ ಬೇಕು. ಚುಕ್ಕೆ ಬಿದ್ದ ಕೆಳಗಿನ ಎಲೆಗಳನ್ನು ಕಿತ್ತು ಸುಡಿ. ಹುಳ ಕಂಡರೆ ಕೈಯಲ್ಲಿ ಆರಿಸಿ ತೆಗೆಯಿರಿ, ಹಿತ್ತಿಲ ಬೆಳೆಗೆ ಅಷ್ಟು ಸಾಕು.

ಒಂದು ವಿಷಯ ಮಾತ್ರ ಮರೆಯಬೇಡಿ: ಬೋರಾನ್ ಎಂಬ ಪೋಷಕಾಂಶ. ಜೋರು ಮಳೆ ಬೀಳುವ ನಮ್ಮ ಮಣ್ಣಿನಲ್ಲಿ ಅದು ತೊಳೆದುಹೋಗಿ ಕಡಿಮೆ ಇರುತ್ತದೆ. ತೆಂಗಿನ ಗರಿ ಮುದುಡಿ ಬರುವುದನ್ನು ನೋಡಿದವರಿಗೆ ಈ ಕೊರತೆ ಗೊತ್ತು. ಸೂರ್ಯಕಾಂತಿಯಲ್ಲಿ ಅದರಿಂದ ಕಾಳು ಜೊಳ್ಳಾಗುತ್ತದೆ. ಹಳದಿ ಎಸಳು ಬಿಚ್ಚಲು ಶುರುವಾದಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಹಾಕಿ ಹೂವಿನ ಮೇಲೆ ಒಂದು ಸಲ ಸಿಂಪಡಿಸಿ. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ. ಪ್ರಮಾಣ ಜಾಸ್ತಿ ಆದರೆ ಗಿಡಕ್ಕೆ ಕೆಟ್ಟದ್ದು.

ಹೂವಿನ ಹತ್ತು ದಿನ

ಈ ದಿನಗಳಲ್ಲಿ ಹೂವಿನ ಹತ್ತಿರ ನಿಂತು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಸುತ್ತಲಿನ ಹಳದಿ ಎಸಳುಗಳಿಂದ ಬೀಜ ಆಗುವುದಿಲ್ಲ. ಅವು ಇರುವುದು ಜೇನನ್ನು ಕರೆಯಲಿಕ್ಕೆ. ಬೀಜ ಆಗುವುದು ನಡುವಿನ ತಟ್ಟೆಯಲ್ಲಿ ಒತ್ತೊತ್ತಾಗಿ ಕೂತ ಪುಟ್ಟ ಹೂಗಳಿಂದ. ಒಂದೊಂದು ತಟ್ಟೆಯಲ್ಲಿ ಅವು ನೂರಾರು, ದೊಡ್ಡದಾದರೆ ಸಾವಿರದ ಮೇಲೆ. ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ಅಂಚಿನಿಂದ ಶುರುವಾಗಿ ದಿನಕ್ಕೆ ಒಂದೆರಡು ಸುತ್ತು ಒಳಗೆ ಸರಿಯುತ್ತವೆ. ಮೊದಲ ದಿನ ಪುಟ್ಟ ಹೂವಿನಿಂದ ಕಂದು ಕೊಳವೆಯೊಂದು ಮೇಲೆದ್ದು, ಅದರ ತುದಿಯಲ್ಲಿ ಹಳದಿ ಪುಡಿ ಕಾಣುತ್ತದೆ. ಮಾರನೇ ದಿನ ಅದೇ ಜಾಗದಲ್ಲಿ ಎರಡು ಸಣ್ಣ ಎಳೆಗಳು ಹೊರಬಂದು ಎರಡೂ ಬದಿಗೆ ಬಾಗುತ್ತವೆ. ಪರಾಗ ಬಂದು ಕೂರಬೇಕಾದದ್ದು ಅಲ್ಲಿ.

ಆ ಪರಾಗ ಬೇರೆ ಗಿಡದ್ದಾದರೆ ಕಾಳು ಚೆನ್ನಾಗಿ ತುಂಬುತ್ತದೆ. ತನ್ನದೇ ಪರಾಗವನ್ನು ಬಹಳಷ್ಟು ತಳಿಗಳು ಸರಿಯಾಗಿ ಒಪ್ಪುವುದಿಲ್ಲ. ಅದಕ್ಕೇ ಒಂದು ಗಿಡ ನೆಟ್ಟು ಬೀಜ ಕಾಯುವುದು ಸುಮ್ನೆ. ಒಂದೇ ದಿನ ಬಿತ್ತಿದ ಹತ್ತು ಹದಿನೈದು ಗಿಡವಾದರೂ ಬೇಕು, ಜೇನೂ ಬೇಕು.

ಜೇನಿನ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯವಂತ. ಶಿರಸಿ, ಸಿದ್ದಾಪುರದಲ್ಲಿ ಎಷ್ಟೋ ಮನೆಗಳ ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ. ಗೋಡೆಯ ಸಂದಿಯಲ್ಲಿ ಮಿಸರಿ, ಅಂದರೆ ಮುಳ್ಳಿಲ್ಲದ ಸಣ್ಣ ಜೇನು ಇದೆ. ಬಯಲುಸೀಮೆಯ ರೈತರಿಗೆ ಹೆಕ್ಟೇರಿಗೆ ಐದು ಪೆಟ್ಟಿಗೆ ಇಡಿ ಎಂದು ಶಿಫಾರಸು ಮಾಡಬೇಕಾಗುತ್ತದೆ. ನಮಗೆ ಅವು ತಾವಾಗಿಯೇ ಬರುತ್ತವೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನೋಡಿ, ತುಡುವೆಯ ಹಿಂಗಾಲಿನಲ್ಲಿ ಹಳದಿ ಉಂಡೆ ಕಟ್ಟಿರುತ್ತದೆ. ಈ ಹತ್ತು ದಿನ ಯಾವ ಔಷಧವನ್ನೂ ಹೊಡೆಯಬೇಡಿ, ಬೇವಿನೆಣ್ಣೆ ಕೂಡ ಬೇಡ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ.

ಪೇಟೆಯ ನಡುವೆ, ತಾರಸಿಯಲ್ಲಿ ಬೆಳೆಸಿದವರಿಗೆ ಜೇನು ಸಾಲದೆ ಹೋಗಬಹುದು. ಆಗ ಕೈಯೇ ಗತಿ. ಅಂಗೈಗೆ ಮೆತ್ತನೆ ಹತ್ತಿ ಬಟ್ಟೆ ಸುತ್ತಿ, ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ ಒಂದು ಹೂವಿನ ತಟ್ಟೆ ಸವರಿ, ಅದೇ ಬಟ್ಟೆಯಲ್ಲಿ ಮುಂದಿನದನ್ನು ಸವರಿ. ಮಗುವಿನ ಕೆನ್ನೆ ಮುಟ್ಟುವಷ್ಟೇ ಹಗುರವಾಗಿ. ದಿನ ಬಿಟ್ಟು ದಿನ, ಹೂವು ನಡುವಿನವರೆಗೆ ಅರಳಿ ಮುಗಿಯುವ ತನಕ ಮಾಡಿ.

ಗಿಳಿ, ಕೊಯ್ಲು, ಒಣಗಿಸುವುದು

ಎಸಳು ಉದುರಿ ತಲೆ ಬಾಗಿದ ಕೂಡಲೇ ಗಿಳಿಗಳಿಗೆ ಸುದ್ದಿ ಮುಟ್ಟುತ್ತದೆ. ಬಾಗಿದ ತಲೆಯ ಅಂಚಿನಲ್ಲಿ ಕೂತು ಒಂದೊಂದೇ ಕಾಳು ಬಿಡಿಸಿ ತಿನ್ನುತ್ತವೆ. ಬೆದರುಬೊಂಬೆ ಎರಡು ದಿನದ ಮಾತು. ಈರುಳ್ಳಿ ಬರುವ ಬಲೆ ಚೀಲವನ್ನು ಒಂದೊಂದು ತೆನೆಗೆ ತೊಡಿಸಿ ಕಟ್ಟುವುದೇ ಖಾತ್ರಿ ಉಪಾಯ. ಹಳೆ ಹತ್ತಿ ಬಟ್ಟೆಯೂ ಆಗುತ್ತದೆ. ಪ್ಲಾಸ್ಟಿಕ್ ಕೊಟ್ಟೆ ಬೇಡ, ಒಳಗೆ ಬೆವತು ಕೊಳೆಯುತ್ತದೆ. ಒಂದೆರಡು ತೆನೆಯನ್ನು ಗಿಳಿಗಳಿಗೇ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ.

ತೆನೆಯ ಹಿಂಭಾಗ ಹಸಿರಿನಿಂದ ನಿಂಬೆ ಹಳದಿಗೆ, ಆಮೇಲೆ ಕಂದಿಗೆ ತಿರುಗಿದಾಗ ಕೊಯ್ಯಿರಿ. ತಲೆಯನ್ನಷ್ಟೇ ಕತ್ತರಿಸಿ, ಅಂಗಳದಲ್ಲಿ ಹಿಂಭಾಗ ಮೇಲೆ ಮಾಡಿ ಮೂರು ನಾಲ್ಕು ದಿನ ಒಣಗಿಸಿ. ರಾಶಿ ಹಾಕಬೇಡಿ, ಕಾವಿಗೆ ಬೂಸ್ಟು ಬರುತ್ತದೆ. ಒಣಗಿದ ತಲೆಗೆ ಕೋಲಿನಿಂದ ಹಗುರವಾಗಿ ಬಡಿದರೆ ಕಾಳು ಉದುರುತ್ತದೆ. ಮೊರದಲ್ಲಿ ಕೇರಿ ಜೊಳ್ಳು ತೆಗೆದು ಇನ್ನೆರಡು ಬಿಸಿಲು ಕೊಡಿ. ಹಲ್ಲಿನಲ್ಲಿ ಕಚ್ಚಿದರೆ ಸಿಪ್ಪೆ ಟಪ್ ಎಂದು ಒಡೆಯಬೇಕು.

ಬಿತ್ತನೆಗೆ ಒಳ್ಳೆ ತೆನೆಯ ಕಾಳನ್ನು ಬೇರೆ ಇಡಿ. ಹೊಸ ಬೀಜ ಸುಮಾರು ಒಂದೂವರೆ ತಿಂಗಳು ಮೊಳೆಯುವುದಿಲ್ಲ, ಅದು ಅದರ ಸ್ವಭಾವ. ನಮಗೆ ಹೇಗೂ ನವೆಂಬರ್‌ವರೆಗೆ ಬೇಡ. ನಡುವಿನ ಮಳೆಗಾಲದ ಥಂಡಿಯೇ ಶತ್ರು. ಚೆನ್ನಾಗಿ ಒಣಗಿಸಿ, ಒಣ ಬೂದಿ ಬೆರೆಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ.

ಏನೇನಕ್ಕೆ ಬಳಸಬಹುದು?

ಮೊದಲು ಎಣ್ಣೆಯ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಎಣ್ಣೆ ಜಾತಿಯ ಬೀಜದಲ್ಲಿ ಶೇಕಡಾ 35ರಿಂದ 42ರಷ್ಟು ಎಣ್ಣೆ ಇರುತ್ತದೆ. ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ. ಮೂರು ಕಿಲೋ ಬೀಜಕ್ಕೆ ಒಂದು ಲೀಟರಿನ ಆಸುಪಾಸು ಸಿಕ್ಕರೆ ಚೆನ್ನ. ಒಂದು ಗಿಡಕ್ಕೆ 30 ಗ್ರಾಂ ಬೀಜ ಹಿಡಿದರೆ ಒಂದು ಲೀಟರ್ ಎಣ್ಣೆಗೆ ನೂರು ಗಿಡ ಬೇಕು, ಅಂದರೆ ಹತ್ತಿರ ಹತ್ತಿರ 200 ಚದರ ಅಡಿ ಜಾಗ. ಹಿತ್ತಿಲಿನವರು ಎಣ್ಣೆಯ ಆಸೆ ಬಿಟ್ಟು ಬೀಜವನ್ನೇ ತಿನ್ನುವುದು ಮೇಲು. ಗದ್ದೆಯಲ್ಲಿ ಹತ್ತು ಗುಂಟೆ ಹಾಕಿದವರು ಕೊಬ್ಬರಿ ಆಡುವ ಗಾಣದಲ್ಲಿ ವಿಚಾರಿಸಬಹುದು. ಗಾಣದ ಎಣ್ಣೆ ಬೇಗ ಕನರುತ್ತದೆ. ಗಾಢ ಬಣ್ಣದ ಬಾಟಲಿಯಲ್ಲಿ ತಂಪಾದ ಕಡೆ ಇಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸಿ. ಒಗ್ಗರಣೆಗೆ, ಪಲ್ಯಕ್ಕೆ ಸರಿ. ಕರಿಯಲು, ಅದರಲ್ಲೂ ಕರಿದದ್ದರಲ್ಲೇ ಮತ್ತೆ ಕರಿಯಲು ಬೇಡ.

ಹಿಂಡಿ ಸಿಕ್ಕರೆ ಹಸುವಿಗೆ ಬೇರೆ ದಾಣಿಯ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಿ. ಸಿಪ್ಪೆ ಸೇರಿದ ಹಿಂಡಿಯಲ್ಲಿ ನಾರು ಜಾಸ್ತಿ.

ಬೀಜದಲ್ಲಿ ಪ್ರೋಟೀನ್ 100 ಗ್ರಾಂಗೆ 20 ಗ್ರಾಂನಷ್ಟಿದೆ. ವಿಟಮಿನ್ ಇ, ಮೆಗ್ನೀಸಿಯಂ ಧಾರಾಳ. ಹಾಗೆಯೇ ಕ್ಯಾಲೊರಿಯೂ 580ರ ಮೇಲಿದೆ, ದಿನಕ್ಕೆ ಒಂದು ಹಿಡಿ ಸಾಕು. ಸಿಪ್ಪೆ ತೆಗೆಯುವುದೇ ಕಷ್ಟದ ಕೆಲಸ. ಮಿಕ್ಸಿಯಲ್ಲಿ ಎರಡು ಮೂರು ಸಲ ಕ್ಷಣಮಾತ್ರ ತಿರುಗಿಸಿ, ನೀರಿಗೆ ಹಾಕಿ ಕೈಯಾಡಿಸಿ. ಸಿಪ್ಪೆ ತೇಲುತ್ತದೆ, ತಿರುಳು ತಳ ಸೇರುತ್ತದೆ. ತಿರುಳನ್ನು ಬಸಿದು ಬಿಸಿಲಲ್ಲಿ ಒಣಗಿಸಿ.

ಇದರ ಚಟ್ನಿಪುಡಿ ನಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತದೆ. ಒಂದು ಲೋಟ ತಿರುಳನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿಯಿರಿ. ಕೆಂಪಗಾಗುವವರೆಗೆ ಕಾಯಬೇಡಿ, ಕಹಿಯಾಗುತ್ತದೆ. ಎಂಟು ಬ್ಯಾಡಗಿ ಮೆಣಸು, ಒಂದು ಹಿಡಿ ಕರಿಬೇವು, ಒಂದು ಚಮಚ ಜೀರಿಗೆ ಬೇರೆ ಬೇರೆಯಾಗಿ ಹುರಿದುಕೊಳ್ಳಿ. ಹುಳಿಗೆ ಹುಣಸೆಯ ಬದಲು ಒಣ ವಾಟೆಹುಳಿ ಹಾಕಿ, ಪುಡಿ ಹಸಿಯಾಗುವುದಿಲ್ಲ. ಉಪ್ಪು, ಚೂರು ಬೆಲ್ಲ. ಮೆಣಸು ಮತ್ತು ಹುಳಿಯನ್ನು ಮೊದಲು ನುಣ್ಣಗೆ ಮಾಡಿ, ತಿರುಳನ್ನು ಕೊನೆಗೆ ಹಾಕಿ ತರಿತರಿಯಾಗಿ ತೆಗೆಯಿರಿ. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಅನ್ನ, ತೆಂಗಿನೆಣ್ಣೆ, ಈ ಪುಡಿ, ಅಷ್ಟೇ ಸಾಕು ಅಲ್ವಾ? ಕಾಯಿ ತುಟ್ಟಿಯಾದಾಗ ಗೊಜ್ಜು, ಸಾಸಿವೆಗೆ ಅರ್ಧ ತೆಂಗಿನಕಾಯಿಯ ಜಾಗದಲ್ಲಿ ನೆನೆಸಿದ ತಿರುಳು ರುಬ್ಬಿ ಹಾಕಿದರೂ ರಸ ಗಟ್ಟಿಯಾಗುತ್ತದೆ. ಎರಡು ವಾರಕ್ಕೆ ಕಿತ್ತ ಎಳೆ ಸಸಿಗಳನ್ನೂ ಎಸೆಯಬೇಡಿ. ತೊಳೆದು, ಸಣ್ಣಗೆ ಹೆಚ್ಚಿ ಕೋಸಂಬರಿಗೆ ಹಾಕಿ. ಬಣ್ಣದ ಔಷಧ ಹಚ್ಚಿದ ಬೀಜದಿಂದ ಬಂದ ಸಸಿಯಾದರೆ ಮಾತ್ರ ಬೇಡ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಸೂರ್ಯಕಾಂತಿಯ ಬೇರು ಮಣ್ಣಿನಲ್ಲಿರುವ ಭಾರಲೋಹಗಳನ್ನೂ ಎಳೆದುಕೊಳ್ಳುತ್ತದೆ. ಚೆರ್ನೋಬಿಲ್ ಹತ್ತಿರದ ಕೊಳವೊಂದರಲ್ಲಿ 1990ರ ದಶಕದಲ್ಲಿ ತೆಪ್ಪಗಳ ಮೇಲೆ ಇದನ್ನು ಬೆಳೆಸಿ, ವಿಕಿರಣದ ಸೀಸಿಯಂ, ಸ್ಟ್ರಾನ್ಷಿಯಂ ಹೀರಿಸಿದ್ದರು. ಹಾಗಾಗಿ ಹೆದ್ದಾರಿ ಬದಿ, ಗ್ಯಾರೇಜಿನ ಹಿಂದೆ, ಕಸ ಸುಟ್ಟ ಜಾಗದಲ್ಲಿ ಬೆಳೆದದ್ದನ್ನು ನೋಡಲು ಇಟ್ಟುಕೊಳ್ಳಿ, ತಿನ್ನಬೇಡಿ.

ಹೂದಾನಿಗೆ ಬೇಕಾದರೆ ಎಸಳು ಬಿಚ್ಚತೊಡಗಿದ ದಿನ ಬೆಳಗ್ಗೆ ಬೇಗ ಕತ್ತರಿಸಿ, ಕೆಳಗಿನ ಎಲೆ ತೆಗೆದು ಆಳ ನೀರಿನಲ್ಲಿ ಇಡಿ. ನೀರು ದಿನವೂ ಬದಲಿಸಿದರೆ ವಾರದ ಹತ್ತಿರ ಬಾಳುತ್ತದೆ.

ಉಳಿದದ್ದು ದಂಟು. ಮಳೆಗೆ ಮೊದಲು ಕಿತ್ತು ಒಣಗಿಸಿ ಬಚ್ಚಲ ಒಲೆಗೆ ಹಾಕಿ. ಅದರ ಬೂದಿಯಲ್ಲಿ ಪೊಟ್ಯಾಷ್ ಚೆನ್ನಾಗಿದೆ, ತೆಂಗಿನ ಬುಡಕ್ಕೆ ಒಳ್ಳೆಯದು. ಬೀಜದ ಸಿಪ್ಪೆಯನ್ನು ಮಾತ್ರ ತರಕಾರಿ ಪಾತಿಗೆ ಸುರಿಯಬೇಡಿ, ಅದರಲ್ಲಿರುವ ಅಂಶ ಬೇರೆ ಸಸಿಗಳ ಬೆಳವಣಿಗೆ ತಡೆಯುತ್ತದೆ. ಕಳೆ ಬರಬಾರದ ಕಾಲುದಾರಿಗೆ ಹಾಕಿದರೆ ಅದೇ ಗುಣ ಉಪಯೋಗಕ್ಕೆ ಬರುತ್ತದೆ. ಮುಂದಿನ ವರ್ಷ ಅದೇ ಜಾಗದಲ್ಲಿ ಸೂರ್ಯಕಾಂತಿ ಬೇಡ. ಅಲ್ಲಿ ಹೆಸರೋ ಉದ್ದೋ ಅಲಸಂದೆಯೋ ಹಾಕಿ, ಸೂರ್ಯಕಾಂತಿಯನ್ನು ಹಿತ್ತಿಲಿನ ಇನ್ನೊಂದು ಬದಿಗೆ ಬಿತ್ತಿ.